ಗದ್ಯಾಣ, ಹಣ, ಹಾಗ: ಬೇಲೂರು ಸೀಮೆಯ ನಾಣ್ಯಲೆಕ್ಕದ ಇತಿಹಾಸ

ಚೀಲವೊಂದರಲ್ಲಿ ಎರಡು ಬಗೆಯ ನಾಣ್ಯಗಳಿದ್ದು, ಅವುಗಳ ಒಟ್ಟು ಸಂಖ್ಯೆಯೂ ಒಟ್ಟು ಬೆಲೆಯೂ ಗೊತ್ತಿದ್ದು, ಯಾವ ಬಗೆಯವು ಎಷ್ಟೆಂಬುದನ್ನು ಮಾತ್ರ ಕಂಡುಹಿಡಿಯಬೇಕಾದ ಲೆಕ್ಕವು ಇಂದಿನ ಶಾಲೆಗಳ ಬೀಜಗಣಿತದ ಪಾಠದಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಇದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಠ್ಯಪುಸ್ತಕಗಳ ಜೊತೆಯಲ್ಲಿ ಬಂದಿಳಿದ ಸರಕೆಂದು ತಿಳಿಯುವವರು ಕಡಿಮೆಯೇನಿಲ್ಲ. ಆದರೆ ಬೇಲೂರು, ಹಳೇಬೀಡು, ಅರಸೀಕೆರೆಗಳನ್ನೂ, ಬೇಲೂರಿನಿಂದ ಸಕಲೇಶಪುರದ ಕಡೆಗೆ ಸಾಗುವ ಹಾದಿಯ ಹೋಬಳಿ ಕೇಂದ್ರವಾದ ಬಿಕ್ಕೋಡನ್ನೂ ಒಳಗೊಂಡ ಸೀಮೆಯಲ್ಲಿ ಯಾವ ಯಾವ ನಾಣ್ಯಗಳು ಚಲಾವಣೆಯಲ್ಲಿದ್ದವು, ಅವುಗಳ ಲೆಕ್ಕವನ್ನು ಶಾಸನಗಳು ಹೇಗೆ ಬರೆದವು, ಅದೇ ಕಾಲದ ಗಣಿತಗ್ರಂಥಗಳು ಹಣದ ಲೆಕ್ಕವನ್ನು ಹೇಗೆ ಕಲಿಸಿದವು ಎಂಬುದನ್ನು ಒಟ್ಟಿಗೆ ಇರಿಸಿ ನೋಡಿದಾಗ, ಈ ಬಗೆಯ ಲೆಕ್ಕಕ್ಕೆ ಇಲ್ಲಿಯೇ ಸಾವಿರ ವರ್ಷಗಳಿಗೂ ಮೀರಿದ ಹಿನ್ನೆಲೆ ಇರುವುದು ಕಾಣುತ್ತದೆ. ಶಾಸನವು ಬಿಡಿಸಿ ಮುಗಿದ ಲೆಕ್ಕದ ಉತ್ತರವನ್ನು ಕಲ್ಲಿನ ಮೇಲೆ ಸಾರುತ್ತದೆ. ಗಣಿತಗ್ರಂಥವು ಅಂಥದೇ ವ್ಯವಹಾರದಿಂದ ಒಂದು ಸಂಖ್ಯೆಯನ್ನು ಬಚ್ಚಿಟ್ಟು, ಅದನ್ನು ಹುಡುಕೆಂದು ಓದುಗನಿಗೆ ಹೇಳುತ್ತದೆ.

ಹೊಯ್ಸಳರ ಕಾಲದ ನಾಣ್ಯವ್ಯವಸ್ಥೆಯ ನೆತ್ತಿಯಲ್ಲಿದ್ದದ್ದು ಗದ್ಯಾಣವೆಂಬ ಚಿನ್ನದ ನಾಣ್ಯ. ಹೊನ್ನು ಎಂದೂ ಕರೆಸಿಕೊಳ್ಳುತ್ತಿದ್ದ ಇದರ ತೂಕ ಸುಮಾರು 4 ಗ್ರಾಂ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಂಡ ವಿಷ್ಣುವರ್ಧನನು, ಒಂದು ಮೈಯಲ್ಲಿ ಸಿಂಹದ ಆಕೃತಿಯನ್ನೂ ಇನ್ನೊಂದು ಮೈಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬರಹವನ್ನೂ ಹೊತ್ತ ಗದ್ಯಾಣಗಳನ್ನು ಟಂಕಿಸಿದನು. ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದಿನ ನಾಣ್ಯಗಳೂ ಅವನವೇ. ಒಂದು ಗದ್ಯಾಣಕ್ಕೆ ಹತ್ತು ಹಣ ಅಥವಾ ಪಣ, ಒಂದು ಹಣಕ್ಕೆ ನಾಲ್ಕು ಹಾಗ, ಒಂದು ಹಾಗಕ್ಕೆ ನಾಲ್ಕು ವೀಸ ಎಂಬುದು ವಾಡಿಕೆಯ ಏಣಿ. ಹಣದ ಅರ್ಧಕ್ಕೆ ಅಡ್ಡವೆಂಬ ಹೆಸರೂ ಇತ್ತು. ಅಂದರೆ ಒಂದು ಗದ್ಯಾಣದಲ್ಲಿ 40 ಹಾಗ ಅಥವಾ 160 ವೀಸ. ಮೇಲಿನ ಮೆಟ್ಟಿಲು ಹತ್ತರದು, ಕೆಳಗಿನ ಎರಡು ಮೆಟ್ಟಿಲು ನಾಲ್ಕರವು ಎಂಬ ಈ ಮಿಶ್ರ ಸ್ವಭಾವವೇ ಮುಂದಿನ ಎಲ್ಲ ಲೆಕ್ಕಗಳ ತೊಡಕಿಗೂ ಸೊಗಸಿಗೂ ಕಾರಣ. ತೂಕದ ಲೆಕ್ಕದಲ್ಲಿ ನೋಡಿದರೆ ಒಂದು ಹಾಗದ ಚಿನ್ನ ಗ್ರಾಮಿನ ಹತ್ತನೆಯ ಒಂದು ಭಾಗದಷ್ಟಾಗುತ್ತದೆ, ವೀಸದ ಚಿನ್ನ ಉಗುರಿನ ತುದಿಯಲ್ಲಿ ನಿಲ್ಲದಷ್ಟು ಅಲ್ಪವಾಗುತ್ತದೆ. ಆದುದರಿಂದ ಏಣಿಯ ಕೆಳತುದಿಯು ಕೈಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಲೆಕ್ಕದಲ್ಲಿ ಬರೆಯುವುದಕ್ಕೆ ಅನುಕೂಲವಾದದ್ದೆನ್ನಬೇಕು.

ಈ ಏಣಿಯ ಮೇಲೆ ಹತ್ತಿ ಇಳಿಯುವುದು ಎಷ್ಟು ನಯವಾದ ಕೆಲಸವೆಂಬುದಕ್ಕೆ ಹೊಯ್ಸಳ ದೊರೆ ಮೂರನೆಯ ನರಸಿಂಹನ ಒಂದು ದಾನವನ್ನು ನೋಡಬಹುದು. 1279ರಲ್ಲಿ ಅವನು ಹೆಬ್ಬಾಳೆ ಗ್ರಾಮದ ವಾರ್ಷಿಕ ಆದಾಯವಾದ 645 ನಿಷ್ಕಗಳನ್ನು, ಕಾಶಿಯಲ್ಲಿ ತುರುಷ್ಕರು ವಿಧಿಸುತ್ತಿದ್ದ ತೆರಿಗೆಯನ್ನು ಜನರ ಪರವಾಗಿ ತೆರುವುದಕ್ಕೆಂದು ಬಿಟ್ಟುಕೊಟ್ಟನು. ನಿಷ್ಕವೆಂಬುದನ್ನು ಇಲ್ಲಿ ಗದ್ಯಾಣವೆಂದೇ ಹಿಡಿದು, ಆ ಮೊತ್ತವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 53 ಗದ್ಯಾಣ ಬಂದು 9 ಗದ್ಯಾಣ ಉಳಿಯುತ್ತದೆ. ಉಳಿದ 9 ಗದ್ಯಾಣವನ್ನು 90 ಹಣವಾಗಿ ಮುರಿದು ಹನ್ನೆರಡರಿಂದ ಭಾಗಿಸಿದರೆ 7 ಹಣ ಬಂದು 6 ಹಣ ಉಳಿಯುತ್ತದೆ. ಆ 6 ಹಣವನ್ನು 24 ಹಾಗವಾಗಿ ಮುರಿದರೆ ತಿಂಗಳಿಗೆ 2 ಹಾಗ ಬಂದು ಲೆಕ್ಕ ಮುಗಿಯುತ್ತದೆ. ಹೀಗೆ 53 ಗದ್ಯಾಣ 7 ಹಣ 2 ಹಾಗವೆಂಬ ಉತ್ತರಕ್ಕೆ ಬರಲು ಲೆಕ್ಕಿಗನು ಪ್ರತಿ ಹಂತದಲ್ಲಿಯೂ ಬೇರೆ ಬೇರೆ ಸಂಖ್ಯೆಯಿಂದ ಗುಣಿಸಬೇಕಾಗುತ್ತಿತ್ತು. ದಶಮಾಂಶದ ಕಾಲದ ಓದುಗನು ತಿಂಗಳಿಗೆ 53.75 ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುವ ಉತ್ತರವಿದು.

ಹೊಯ್ಸಳ ಸೀಮೆಯ ಶಾಸನಗಳು ಇಂಥ ಲೆಕ್ಕಗಳ ಕಣಜವೆಂದೇ ಹೇಳಬೇಕು. ಊರಿನ ನಿಗದಿತ ಕಂದಾಯವಾದ ಸಿದ್ಧಾಯ, ದೊಡ್ಡ ಸರಕುಗಳ ಮೇಲಿನ ಸುಂಕವಾದ ಹೆಜ್ಜುಂಕ, ಹೇರಿಗೆ ಇಷ್ಟೆಂದು ಗೊತ್ತುಮಾಡಿದ ದೇವರ ಪಾಲು, ನಂದಾದೀಪದ ಎಣ್ಣೆಗೆ ಬಿಟ್ಟ ಮೂಲಧನ, ಇವೆಲ್ಲವೂ ಗದ್ಯಾಣ, ಹಣ, ಹಾಗ, ವೀಸಗಳಲ್ಲಿಯೇ ನಮೂದಾಗುತ್ತಿದ್ದವು. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ ಬಳಿಕ ಆ ಗುಡಿಗೂ, ದೋರಸಮುದ್ರವೆಂದು ಆಗ ಕರೆಸಿಕೊಳ್ಳುತ್ತಿದ್ದ ಹಳೇಬೀಡಿನ ಶಿವಾಲಯ ಬಸದಿಗಳಿಗೂ, 1220ರಲ್ಲಿ ರೇಚರಸನು ಅರಸೀಕೆರೆಯಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯಕ್ಕೂ ಹರಿದುಬಂದ ದತ್ತಿಗಳನ್ನು ನಿರ್ವಹಿಸಲು ಬರಿಯ ಭಕ್ತಿ ಸಾಲದಾಗಿತ್ತು. ಊರ ಲೆಕ್ಕ ಬರೆಯುವ ಸೇನಬೋವನೂ ಸುಂಕದ ಅಧಿಕಾರಿಯೂ ವರ್ತಕ ಸಂಘದ ಪಟ್ಟಣಸ್ವಾಮಿಯೂ ಒಪ್ಪುವಂಥ ಅಂಕಿಗಳು ಬೇಕಾಗಿದ್ದವು.

ಶಾಸನಗಳಲ್ಲಿ ಕಾಣುವ ಮೂಲಧನದ ದತ್ತಿಗಳು ಇಲ್ಲಿ ವಿಶೇಷವಾಗಿ ಗಮನಾರ್ಹ, ಏಕೆಂದರೆ ಅವುಗಳ ಹಿಂದೆ ಕಾಣದ ಒಂದು ಸಮೀಕರಣ ಅಡಗಿದೆ. ದಾನಿಯು ಮೊದಲು ಯೋಚಿಸುತ್ತಿದ್ದದ್ದು ವರ್ಷಕ್ಕೆ ದೀಪಕ್ಕೋ ಹಾಲಿಗೋ ಎಷ್ಟು ವೆಚ್ಚವಾಗುತ್ತದೆ ಎಂಬುದನ್ನು. ಆ ವೆಚ್ಚವು ಬಡ್ಡಿಯಿಂದಲೇ ಹುಟ್ಟುವಂತೆ ಎಷ್ಟು ಹೊನ್ನನ್ನು ಇಡಬೇಕೆಂಬುದು ಅವನಿಗೆ ಅಜ್ಞಾತ ಸಂಖ್ಯೆ. ಉದಾಹರಣೆಗೆ, ಹೊನ್ನೊಂದಕ್ಕೆ ತಿಂಗಳಿಗೆ ಒಂದು ಹಾಗದ ಬಡ್ಡಿಯೆಂದಿಟ್ಟುಕೊಂಡರೆ, ಹೊನ್ನಿನಲ್ಲಿ 40 ಹಾಗಗಳಿರುವುದರಿಂದ ಅದು ತಿಂಗಳಿಗೆ ನಲವತ್ತನೆಯ ಒಂದು ಪಾಲು, ವರ್ಷಕ್ಕೆ 12 ಹಾಗ, ಅಂದರೆ ನೂರಕ್ಕೆ 30ರ ದರ. ದೀಪಕ್ಕೆ ವರ್ಷಕ್ಕೆ 6 ಗದ್ಯಾಣ, ಅಂದರೆ 240 ಹಾಗ ಬೇಕಾದರೆ, ಇಡಬೇಕಾದ ಹೊನ್ನಿನ ಸಂಖ್ಯೆಯನ್ನು ಹನ್ನೆರಡರಿಂದ ಗುಣಿಸಿದಾಗ 240 ಬರಬೇಕು; ಆದುದರಿಂದ ಮೂಲಧನ 20 ಗದ್ಯಾಣ. ಶಾಸನ ಕಂಡರಿಸುವವನ ಕೈಗೆ ಬರುವ ಹೊತ್ತಿಗೆ ಈ ಇಪ್ಪತ್ತು ಮಾತ್ರ ಉಳಿದಿರುತ್ತದೆ, ಅದನ್ನು ತಲುಪಿದ ಬಗೆ ಅಳಿಸಿಹೋಗಿರುತ್ತದೆ. ಶಾಸನಗಳನ್ನು ಆರ್ಥಿಕ ಚರಿತ್ರೆಯ ಆಕರವಾಗಿ ಬಳಸುವವರು ಮೊತ್ತಗಳನ್ನು ಪಟ್ಟಿ ಮಾಡಿ ಮುಂದೆ ಸಾಗುವುದೇ ಹೆಚ್ಚು. ಆ ಮೊತ್ತವೇ ಏಕೆ, ಬೇರೊಂದು ಏಕಲ್ಲ ಎಂಬ ಪ್ರಶ್ನೆಯನ್ನು ಕೇಳಿದ್ದರೆ ಅವರ ಕೈಗೆ ಒಂದು ಗಣಿತದ ಪುಸ್ತಕವೇ ಸಿಕ್ಕುತ್ತಿತ್ತು.

ಆ ಗಣಿತವನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಕನ್ನಡನಾಡಿನ ಮೊದಲ ದೊಡ್ಡ ಹೆಸರು ಮಹಾವೀರಾಚಾರ್ಯನದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಸುಮಾರು 850ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. ಗ್ರಂಥದ ಸಂಜ್ಞಾಧಿಕಾರದಲ್ಲಿ, ಅಂದರೆ ಪಾರಿಭಾಷಿಕ ಪದಗಳನ್ನು ವಿವರಿಸುವ ಮೊದಲ ಅಧ್ಯಾಯದಲ್ಲಿ, ಚಿನ್ನದ ಅಳತೆಯೇ ಒಂದು ಏಣಿಯಾಗಿ ಬರುತ್ತದೆ: ನಾಲ್ಕು ಗಂಡಕಗಳಿಗೆ ಒಂದು ಗುಂಜಿ, ಐದು ಗುಂಜಿಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಕರ್ಷ, ನಾಲ್ಕು ಕರ್ಷಕ್ಕೆ ಒಂದು ಪಲ. ಲೆಕ್ಕ ಕಲಿಯುವವನು ಕೂಡುವ ಕಳೆಯುವ ವಿಧಾನಕ್ಕೆ ಕೈಹಾಕುವ ಮೊದಲೇ ಈ ಏಣಿಯನ್ನು ಬಾಯಿಪಾಠ ಮಾಡಬೇಕೆಂಬುದು ಅವನ ಕ್ರಮ.

ಹಣದ ಲೆಕ್ಕಗಳು ತುಂಬಿರುವುದು ಗ್ರಂಥದ ಮಿಶ್ರಕ ವ್ಯವಹಾರವೆಂಬ ಅಧ್ಯಾಯದಲ್ಲಿ. ಅಲ್ಲಿಯ ಒಂದು ಸಮಸ್ಯೆಯ ತಿರುಳು ಹೀಗಿದೆ: ಮೂವರು ವರ್ತಕರು ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಕಾಣುತ್ತಾರೆ, ಅದು ತನ್ನದಾದರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನಲ್ಲಿರುತ್ತದೆಂದು ಮೊದಲನೆಯವನೂ, ಮೂರರಷ್ಟೆಂದು ಎರಡನೆಯವನೂ, ಐದರಷ್ಟೆಂದು ಮೂರನೆಯವನೂ ಹೇಳುತ್ತಾರೆ, ಚೀಲದಲ್ಲಿ ಎಷ್ಟಿದೆ, ಒಬ್ಬೊಬ್ಬನ ಕೈಯಲ್ಲಿ ಎಷ್ಟಿದೆ ಎಂಬುದನ್ನು ಹೇಳಬೇಕು. ಇಲ್ಲಿ ಅಜ್ಞಾತಗಳು ನಾಲ್ಕು, ಹೇಳಿಕೆಗಳು ಮೂರೇ. ಇಂದಿನ ರೀತಿಯಲ್ಲಿ ಬಿಡಿಸುವುದಾದರೆ ಮೂವರ ಕೈಯ ಹಣದ ಮೊತ್ತವನ್ನು ಒಂದಾಗಿ ಹಿಡಿಯುವುದು ಸುಲಭದ ದಾರಿ. ಮೊದಲನೆಯವನು ಹೇಳಿದ್ದರ ಎರಡೂ ಬದಿಗೆ ಅವನ ಹಣದ ಎರಡರಷ್ಟನ್ನು ಸೇರಿಸಿದರೆ, ಚೀಲದೊಡನೆ ಅವನ ಹಣದ ಮೂರರಷ್ಟು ಸೇರಿ ಮೊತ್ತದ ಎರಡರಷ್ಟಾಗುತ್ತದೆ. ಇದೇ ಬಗೆಯಲ್ಲಿ ಎರಡನೆಯವನ ನಾಲ್ಕರಷ್ಟು ಚೀಲದೊಡನೆ ಸೇರಿ ಮೊತ್ತದ ಮೂರರಷ್ಟು, ಮೂರನೆಯವನ ಆರರಷ್ಟು ಚೀಲದೊಡನೆ ಸೇರಿ ಮೊತ್ತದ ಐದರಷ್ಟು ಆಗುತ್ತದೆ. ಈ ಮೂರರಿಂದ ಒಬ್ಬೊಬ್ಬನ ಹಣವನ್ನು ಬಿಡಿಸಿಕೊಂಡು ಕೂಡಿದಾಗ, ಚೀಲದ ಹಣ ಮತ್ತು ಮೂವರ ಮೊತ್ತ ಇವೆರಡೂ ಐದಕ್ಕೆ ಮೂರರ ಪ್ರಮಾಣದಲ್ಲಿರಬೇಕೆಂದು ತಿಳಿಯುತ್ತದೆ. ಚೀಲದಲ್ಲಿ 15 ಇದ್ದರೆ ಮೂವರ ಮೊತ್ತ 9, ಅವರ ಕೈಯಲ್ಲಿರುವುದು ಕ್ರಮವಾಗಿ 1, 3, 5. ಎಲ್ಲವನ್ನೂ ಇಮ್ಮಡಿ ಮುಮ್ಮಡಿ ಮಾಡಿದರೂ ಹೇಳಿಕೆಗಳು ಸುಳ್ಳಾಗುವುದಿಲ್ಲ. ಅತಿ ಚಿಕ್ಕ ಪೂರ್ಣಸಂಖ್ಯೆಗಳನ್ನು ಉತ್ತರವಾಗಿ ಹಿಡಿಯುವುದು ಇಂಥಲ್ಲಿ ವಾಡಿಕೆ.

ಇದಕ್ಕಿಂತಲೂ ಪ್ರಸಿದ್ಧವಾದದ್ದು ರಾಜಕುಮಾರನ ವಿನೋದಕ್ಕಾಗಿ ನೂರು ಪಣಕ್ಕೆ ನೂರು ಹಕ್ಕಿಗಳನ್ನು ಕೊಳ್ಳುವ ಲೆಕ್ಕ. ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ಹಕ್ಕಿಗಳನ್ನು ನಾಣ್ಯದ ಬಗೆಗಳೆಂದು ಭಾವಿಸಿದರೆ ಇದು ನಾಣ್ಯಚೀಲದ ಲೆಕ್ಕದ ಅಣ್ಣನೇ ಸರಿ: ಎಣಿಕೆ ಗೊತ್ತು, ಬೆಲೆ ಗೊತ್ತು, ಬಗೆಯ ಹಂಚಿಕೆ ಗೊತ್ತಿಲ್ಲ. ಎರಡೇ ನಿಬಂಧನೆಗಳಿಂದ ನಾಲ್ಕು ಅಜ್ಞಾತಗಳನ್ನು ಕಾಣಬೇಕಾದುದರಿಂದ ಉತ್ತರಗಳು ಹಲವು. ಹಕ್ಕಿಗಳನ್ನು ಗುಂಪಿನ ಲೆಕ್ಕದಲ್ಲಿಯೇ ಕೊಳ್ಳಬೇಕು, ನಾಲ್ಕೂ ಬಗೆಯವು ಇರಲೇಬೇಕು ಎಂದಿಟ್ಟುಕೊಂಡರೆ ಆರು ಉತ್ತರಗಳು ದೊರೆಯುತ್ತವೆ. ಅವುಗಳಲ್ಲಿ ಒಂದರಂತೆ 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲುಗಳಿಗೆ ಕ್ರಮವಾಗಿ 9, 20, 35, 36 ಪಣಗಳು. ಪೂರ್ಣಸಂಖ್ಯೆಯ ಉತ್ತರವನ್ನೇ ಹುಡುಕುವ ಈ ಬಗೆಯ ಗಣಿತಕ್ಕೆ ಕುಟ್ಟಕ ಅಥವಾ ಕುಟ್ಟೀಕಾರವೆಂಬ ಹೆಸರು ಹಳೆಯದು. ದೊಡ್ಡ ಸಂಖ್ಯೆಗಳನ್ನು ಮತ್ತೆ ಮತ್ತೆ ಭಾಗಿಸಿ ಪುಡಿಗೈದು ಚಿಕ್ಕದಾಗಿಸುವುದು ಅದರ ಮೂಲ ಉಪಾಯ.

ಹೊಯ್ಸಳರ ಕಾಲಕ್ಕೆ ಬಂದರೆ, ಕನ್ನಡದಲ್ಲಿಯೇ ಗಣಿತ ಬರೆದ ಮೊದಲಿಗನೆಂದು ಹೆಸರಾದ ರಾಜಾದಿತ್ಯನು ಎದುರಾಗುತ್ತಾನೆ. ಪೂವಿನಬಾಗೆಯವನೂ ಜೈನನೂ ಶುಭಚಂದ್ರದೇವನ ಶಿಷ್ಯನೂ ಆದ ಇವನನ್ನು ಹನ್ನೆರಡನೆಯ ಶತಮಾನಕ್ಕೆ, ವಿಷ್ಣುವರ್ಧನನ ಆಳ್ವಿಕೆಗೆ ಸೇರಿಸುವುದು ವಾಡಿಕೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದವು ಅವನ ಹೆಸರಿನಲ್ಲಿವೆ. ಗದ್ಯಪದ್ಯಗಳು ಬೆರೆತ ‘ವ್ಯವಹಾರಗಣಿತ’ದಲ್ಲಿ ಸೂತ್ರವನ್ನು ಹೇಳಿ, ಉದಾಹರಣೆಯನ್ನು ಒಡ್ಡಿ, ಬಿಡಿಸುವ ಕ್ರಮವನ್ನು ವಿವರಿಸುವ ಪದ್ಧತಿಯಿದೆ. ಇದರ ಬೆನ್ನೆಲುಬು ತ್ರೈರಾಶಿಕ: ಗೊತ್ತಿರುವ ಮೂರು ರಾಶಿಗಳಾದ ಪ್ರಮಾಣ, ಫಲ, ಇಚ್ಛೆಗಳಿಂದ ನಾಲ್ಕನೆಯದನ್ನು ಕಾಣುವ ವಿಧಾನ. ಇಷ್ಟು ಸರಕಿಗೆ ಇಷ್ಟು ಬೆಲೆಯಾದರೆ ಅಷ್ಟಕ್ಕೆ ಎಷ್ಟು ಎಂಬುದೇ ಅದರ ರೂಪ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಉತ್ತರ. ರಾಶಿಗಳು ಐದು, ಏಳು, ಒಂಬತ್ತಾದಾಗ ಪಂಚರಾಶಿಕ, ಸಪ್ತರಾಶಿಕ, ನವರಾಶಿಕಗಳು ಬರುತ್ತವೆ. ಶಾಸ್ತ್ರವೆಂದರೆ ಸಂಸ್ಕೃತವೇ ಎಂಬ ವಾತಾವರಣದಲ್ಲಿ, ಬಡ್ಡಿಯ ಲೆಕ್ಕವನ್ನು ವರ್ತಕನಿಗೂ ಸೇನಬೋವನಿಗೂ ಅವರ ಮಾತಿನಲ್ಲಿಯೇ ಕೊಟ್ಟದ್ದು ರಾಜಾದಿತ್ಯನ ದೊಡ್ಡ ಕೆಲಸ. ಕವಿಚರಿತೆಗಳು ಅವನನ್ನು ಕವಿಯೆಂದು ಅಳೆದು ಬದಿಗಿರಿಸಿದ್ದರಿಂದ ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಪೂರ್ತಿಯಾಗಿ ಸಂದಿಲ್ಲ.

ಅದೇ ಶತಮಾನದಲ್ಲಿ, ಸಹ್ಯಾದ್ರಿಯ ಮಡಿಲಿನವನೆಂದು ತನ್ನನ್ನು ಹೇಳಿಕೊಂಡ ಭಾಸ್ಕರಾಚಾರ್ಯನು, ಬೇಲೂರಿನ ಗುಡಿಯ ಪ್ರತಿಷ್ಠೆಗೆ ಮೂರು ವರ್ಷ ಮೊದಲು, 1114ರಲ್ಲಿ ಹುಟ್ಟಿ, 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದನು. ಅದರ ಭಾಗವಾದ ‘ಲೀಲಾವತಿ’ ಆರಂಭವಾಗುವುದೇ ನಾಣ್ಯದ ಏಣಿಯಿಂದ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಇನ್ನೊಂದು ಭಾಗವಾದ ‘ಬೀಜಗಣಿತ’ದಲ್ಲಿ ಅಜ್ಞಾತ ಸಂಖ್ಯೆಗೆ ಯಾವತ್ತಾವತ್ ಎಂಬ ಹೆಸರು, ಬರೆಯುವಾಗ ‘ಯಾ’ ಎಂಬ ಮೊದಲಕ್ಷರ. ಗೊತ್ತಿರುವ ಸಂಖ್ಯೆಗೆ ರೂಪವೆಂಬ ಹೆಸರು, ‘ರೂ’ ಎಂಬ ಅಕ್ಷರ. ಅಜ್ಞಾತಗಳು ಹೆಚ್ಚಾದಾಗ ಕಾಲಕ, ನೀಲಕ, ಪೀತಕ ಎಂಬ ಬಣ್ಣಗಳ ಹೆಸರುಗಳು. ಋಣಸಂಖ್ಯೆಯ ನೆತ್ತಿಯ ಮೇಲೊಂದು ಚುಕ್ಕೆ. ಸಮೀಕರಣದ ಎರಡು ಬದಿಗಳನ್ನು ಒಂದರ ಕೆಳಗೊಂದು ಬರೆಯಲಾಗುತ್ತಿತ್ತು. ಒಬ್ಬನಲ್ಲಿ 300 ರೂಪವೂ 6 ಕುದುರೆಗಳೂ ಇವೆ, ಇನ್ನೊಬ್ಬನಲ್ಲಿ 10 ಕುದುರೆಗಳೂ 100 ರೂಪದ ಸಾಲವೂ ಇವೆ, ಇಬ್ಬರ ಆಸ್ತಿ ಸಮ, ಕುದುರೆಯ ಬೆಲೆಯೆಷ್ಟು ಎಂಬ ಅವನ ಪ್ರಶ್ನೆಯನ್ನು ಮೇಲಿನ ಸಾಲಿನಲ್ಲಿ ‘ಯಾ 6 ರೂ 300’ ಎಂದೂ, ಕೆಳಗಿನ ಸಾಲಿನಲ್ಲಿ ‘ಯಾ 10 ರೂ 100’ ಎಂದು ಬರೆದು ನೂರರ ಮೇಲೆ ಚುಕ್ಕೆಯಿಟ್ಟೂ ತೋರಿಸಬಹುದು. ಒಂದು ಬದಿಯ ಅಜ್ಞಾತವನ್ನು ಇನ್ನೊಂದರಿಂದಲೂ, ಒಂದು ಬದಿಯ ರೂಪವನ್ನು ಇನ್ನೊಂದರಿಂದಲೂ ಕಳೆದರೆ 4 ಯಾ 400ಕ್ಕೆ ಸಮವಾಗಿ ಕುದುರೆಯ ಬೆಲೆ 100 ಎಂದು ದೊರೆಯುತ್ತದೆ. ಕುದುರೆಯ ವ್ಯಾಪಾರ ದೋರಸಮುದ್ರದ ಅರಸರಿಗೂ ವರ್ತಕರಿಗೂ ಪರಿಚಿತವಾಗಿದ್ದುದರಿಂದ ಈ ಲೆಕ್ಕ ಇಲ್ಲಿಯ ಕೇಳುಗನಿಗೆ ಹೊರಗಿನದೆನಿಸುತ್ತಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಬಾಲವೈದ್ಯದ ಚೆಲುವನು ಭಾಸ್ಕರನ ‘ಲೀಲಾವತಿ’ಯನ್ನು ಕನ್ನಡಕ್ಕೆ ತಂದನು.

ಬೀಜಗಣಿತದ ಈ ಅಕ್ಷರಗಳ ನೆರವಿಲ್ಲದೆಯೂ ಎರಡು ನಾಣ್ಯಗಳ ಲೆಕ್ಕವನ್ನು ಬಿಡಿಸುವ ಬಗೆ ಇತ್ತು. ಅದಕ್ಕೆ ಇಷ್ಟಕರ್ಮದ ಮನೋಧರ್ಮ ಸಾಕು. ಇಷ್ಟಕರ್ಮವೆಂದರೆ ಅಜ್ಞಾತದ ಜಾಗದಲ್ಲಿ ತನಗಿಷ್ಟವಾದ ಸಂಖ್ಯೆಯೊಂದನ್ನು ಇಟ್ಟು, ಬರುವ ಫಲಕ್ಕೂ ಬರಬೇಕಾದ ಫಲಕ್ಕೂ ಇರುವ ಅಂತರದಿಂದಲೋ ಪ್ರಮಾಣದಿಂದಲೋ ಅದನ್ನು ತಿದ್ದಿಕೊಳ್ಳುವುದು. ಚೀಲವೊಂದರಲ್ಲಿ ಹಣ ಮತ್ತು ಹಾಗಗಳು ಸೇರಿ 50 ನಾಣ್ಯಗಳಿದ್ದು, ಅವುಗಳ ಬೆಲೆ 2 ಗದ್ಯಾಣವಾಗಿರಲಿ. 2 ಗದ್ಯಾಣವೆಂದರೆ 20 ಹಣ, ಅಂದರೆ 80 ಹಾಗ. ಐವತ್ತೂ ಹಾಗಗಳೇ ಎಂದು ಭಾವಿಸಿದರೆ 30 ಹಾಗ ಕಡಿಮೆ ಬೀಳುತ್ತದೆ. ಒಂದು ಹಾಗವನ್ನು ತೆಗೆದು ಒಂದು ಹಣವನ್ನು ಇಟ್ಟರೆ ಬೆಲೆಯು 3 ಹಾಗ ಹೆಚ್ಚುತ್ತದೆ. ಆದುದರಿಂದ ಹಾಗೆ ಬದಲಿಸಬೇಕಾದ ನಾಣ್ಯಗಳು 10. ಹೀಗೆ 10 ಹಣ, 40 ಹಾಗ. ಇಂದಿನ ವಿದ್ಯಾರ್ಥಿಯು ಹಣಗಳ ಸಂಖ್ಯೆಯನ್ನು ‘ಯಾ’ ಎಂದಿಟ್ಟು, 4 ಯಾ ಮತ್ತು 50ರಲ್ಲಿ ಯಾ ಕಳೆದ ಉಳಿಕೆ ಇವೆರಡೂ ಸೇರಿ 80 ಎಂದು ಬರೆದಾಗ, 3 ಯಾ 30ಕ್ಕೆ ಸಮವೆಂಬ ಅದೇ ಹಂತಕ್ಕೆ ಬಂದು ನಿಲ್ಲುತ್ತಾನೆ. ಎರಡರಲ್ಲಿಯೂ ಮೊದಲ ಕೆಲಸ ಎಲ್ಲ ಬೆಲೆಗಳನ್ನೂ ಒಂದೇ ಕಿರುನಾಣ್ಯಕ್ಕೆ ಇಳಿಸುವುದು. ಈ ಇಳಿಸುವಿಕೆಯನ್ನು ಮರೆತು ಹಣದ ಸಂಖ್ಯೆಗೆ ಹಾಗದ ಸಂಖ್ಯೆಯನ್ನು ಕೂಡಿಬಿಡುವ ವಿದ್ಯಾರ್ಥಿಗಳು ಈಗಲೂ ಇದ್ದಾರೆ. ಅವರು ಎಣಿಕೆಯ ಆಧಾರವನ್ನೂ ಬೆಲೆಯ ಆಧಾರವನ್ನೂ ಕಲಸುತ್ತಾರೆ.

ನಾಣ್ಯದ ಏಣಿ ಮಾತ್ರ ಒಂದೇ ತೆರನಾಗಿ ನಿಲ್ಲಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಬರೆದಿಟ್ಟ ಪ್ರಕಾರ ವರಹವೆಂಬ ಚಿನ್ನದ ನಾಣ್ಯದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ, ಹಣದ ಆರನೆಯ ಒಂದು ಪಾಲು ತಾರವೆಂಬ ಬೆಳ್ಳಿಯ ನಾಣ್ಯ, ತಾರದ ಮೂರನೆಯ ಒಂದು ಪಾಲು ಜೀತಲವೆಂಬ ತಾಮ್ರದ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರ (1638–1659) ಹೆಸರಿನ ಕಂಠೀರವ ಹಣಗಳು ಹತ್ತು ಸೇರಿದರೆ ಒಂದು ಕಂಠೀರಾಯ ವರಹ. ಈ ವರಹವನ್ನು ಟಂಕಿಸದೆ ಲೆಕ್ಕದಲ್ಲಿ ಮಾತ್ರ ಬಳಸುತ್ತಿದ್ದರು, ಹೊಯ್ಸಳರ ವೀಸಕ್ಕೆ ತದ್ವಿರುದ್ಧವಾಗಿ ಏಣಿಯ ತುದಿಯೇ ಇಲ್ಲಿ ಕಾಗದದ ಮೇಲಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂಬ ಕನ್ನಡ ಬರಹದೊಡನೆ ಬೆಲೆಯ ಅಂಕಿಯೂ ಇತ್ತು. 1843ರಲ್ಲಿ ಮೈಸೂರಿನ ಟಂಕಸಾಲೆ ಮುಚ್ಚಿದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿಯೇ ನೆಲೆಯೂರಿತು: ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು.

ಇಷ್ಟೆಲ್ಲ ಏಣಿಗಳನ್ನು ತಲೆಯಲ್ಲಿ ಹೊತ್ತವರು ಐಗಳ ಮಠ ಅಥವಾ ಕೂಲಿಮಠಗಳ ವಿದ್ಯಾರ್ಥಿಗಳು. ಮರಳಿನ ಮೇಲೆ ಬೆರಳಾಡಿಸಿ ಅಂಕಿ ಕಲಿತು, ಪೂರ್ಣಸಂಖ್ಯೆಗಳ ಮಗ್ಗಿಯ ಬಳಿಕ ಕಾಲು, ಅರೆ, ಮುಕ್ಕಾಲು, ವೀಸಗಳ ಮಗ್ಗಿಯನ್ನೂ ರಾಗವಾಗಿ ಹೇಳುವುದು ಅಲ್ಲಿಯ ಪಾಠ. ಹದಿನಾರನೆಯ ಒಂದು ಭಾಗಕ್ಕೆ ವೀಸ, ಅರವತ್ತನಾಲ್ಕನೆಯ ಒಂದು ಭಾಗಕ್ಕೆ ಕಾಣಿ ಎಂಬ ಹೆಸರುಗಳಿದ್ದುದರಿಂದ, ರೂಪಾಯಿ ಬಂದಾಗ ಅದರ ಹದಿನಾರನೆಯ ಒಂದು ಪಾಲಾದ ಆಣೆಯನ್ನು ವೀಸದ ಮಗ್ಗಿಯ ಮೇಲೆಯೇ ಕೂರಿಸಲು ಕಷ್ಟವಾಗಲಿಲ್ಲ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಮಡಿಸಿದ ಕಪ್ಪುಬಟ್ಟೆಯ ಕಡತದಲ್ಲಿ ಶಾನುಭೋಗರೂ ಅಂಗಡಿಯವರೂ ಬಳಪದಿಂದ ಲೆಕ್ಕ ಬರೆಯುತ್ತಿದ್ದರು.

ಹೊಸ ಮಾದರಿಯ ಶಾಲೆ ಹಳ್ಳಿಗಳಿಗೆ ಬಂದದ್ದರಲ್ಲಿ ಮೈಸೂರಿನ ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದ ಬಿ. ಎಲ್. ರೈಸರ ಪಾತ್ರ ದೊಡ್ಡದು. ಪ್ರತಿ ಹೋಬಳಿಗೂ ಒಂದು ಶಾಲೆಯಿರಬೇಕೆಂಬ ಯೋಜನೆಯನ್ನು ಅವರು 1868ರಲ್ಲಿ ಮುಂದಿಟ್ಟರು. ಕಂದಾಯದ ಅನುಕೂಲಕ್ಕಾಗಿ ಹುಟ್ಟಿದ ಹೋಬಳಿಯೆಂಬ ಆಡಳಿತ ಘಟಕ ವಿದ್ಯೆಯ ಘಟಕವೂ ಆದದ್ದು ಹೀಗೆ. ಮುಂದೆ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹೊರತಂದವರೂ ಅವರೇ. ಬೇಲೂರು ಅರಸೀಕೆರೆಗಳ ಕಲ್ಲುಗಳಲ್ಲಿದ್ದ ಗದ್ಯಾಣ ಹಾಗಗಳ ಮೊತ್ತಗಳು ಅಚ್ಚಿಗೆ ಬಂದದ್ದೂ, ಆಣೆ ಕಾಸುಗಳ ಲೆಕ್ಕ ಹೋಬಳಿ ಶಾಲೆಯ ಕಪ್ಪುಹಲಗೆಗೆ ಬಂದದ್ದೂ ಒಬ್ಬರೇ ಅಧಿಕಾರಿಯ ಕೈ ದಾಟಿ ಎಂಬುದು ಸಣ್ಣ ಸಂಗತಿಯಲ್ಲ.

ಆ ಹೊತ್ತಿಗೆ ಬಿಕ್ಕೋಡಿನ ಸುತ್ತಿನ ಆರ್ಥಿಕತೆಯೂ ಬದಲಾಗತೊಡಗಿತ್ತು. ಇಂದಿನ ಸಕಲೇಶಪುರವನ್ನೊಳಗೊಂಡ ಮಂಜರಾಬಾದಿನಲ್ಲಿ 1840ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟಗಳು ಹರಡಿದವು. ಅಲ್ಲಿ 1856ರಿಂದ ತೋಟ ನಡೆಸಿದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು ಪುಸ್ತಕಗಳಾಗಿ ಬರೆದನು. ಕಾಫಿಯ ಸೀಮೆ ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿಗಳನ್ನೂ ಆವರಿಸಿದೆ. ತೋಟಗಳ ಬಟವಾಡೆ, ಅಂದರೆ ಕೂಲಿ ಹಂಚುವ ದಿನ, ಚಿಲ್ಲರೆ ನಾಣ್ಯಗಳ ಬೇಡಿಕೆಯನ್ನು ಹೆಚ್ಚಿಸುವಂಥದು, ಏಕೆಂದರೆ ದಿನಗೂಲಿಯ ಮೊತ್ತವು ಆಣೆಗಳಲ್ಲಿದ್ದು, ಪ್ರತಿಯೊಬ್ಬನ ಕೈಗೂ ಮುಂಗಡ ಕಳೆದು ಬೇರೆ ಬೇರೆ ಮೊತ್ತ ಸೇರಬೇಕಾಗುತ್ತದೆ. ಯಾವ ನಾಣ್ಯ ಎಷ್ಟು ತರಿಸಬೇಕೆಂದು ತೋಟದ ಲೆಕ್ಕ ಬರೆಯುವ ರೈಟರನು ಮುಂಚಿತವಾಗಿ ಹಾಕಬೇಕಾದ ಲೆಕ್ಕವು ಬೀಜಗಣಿತದ ನಾಣ್ಯಚೀಲದ ಲೆಕ್ಕವೇ.

ಅಂಥ ಚೀಲವೊಂದರಲ್ಲಿ ನಾಲ್ಕಾಣೆ ಮತ್ತು ಎರಡಾಣೆಯ ನಾಣ್ಯಗಳು ಸೇರಿ 48 ಇದ್ದು, ಒಟ್ಟು ಬೆಲೆ 10 ರೂಪಾಯಿಯೆಂದಿಟ್ಟುಕೊಳ್ಳಬಹುದು. 10 ರೂಪಾಯಿ ಅಂದರೆ 160 ಆಣೆ. ಎಲ್ಲವೂ ಎರಡಾಣೆಯವಾದರೆ 96 ಆಣೆ. ಕೊರತೆ 64 ಆಣೆ. ಒಂದೊಂದು ಬದಲಾವಣೆಗೆ 2 ಆಣೆ ಹೆಚ್ಚುವುದರಿಂದ ನಾಲ್ಕಾಣೆಯವು 32, ಎರಡಾಣೆಯವು 16. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಯು 100 ನಯಾ ಪೈಸೆಯಾದಾಗ ಇದೇ ಚೀಲಕ್ಕೆ ವಿಚಿತ್ರವಾದ ಗತಿ ಒದಗಿತು. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು ಬರುವುದರಿಂದ ಆಣೆಗಳು ಪೈಸೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಅರ್ಧ ಪೈಸೆಯನ್ನೂ ಅದಕ್ಕಿಂತ ಕಡಿಮೆಯದನ್ನೂ ಬಿಟ್ಟುಬಿಡುವ ನಿಯಮದಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆಗಳೆಂದು ಪರಿವರ್ತನೆಯ ಕೋಷ್ಟಕ ಹೇಳಿತು. ನಾಣ್ಯಗಳನ್ನು ಬಿಡಿಬಿಡಿಯಾಗಿ ಈ ದರದಲ್ಲಿ ಎಣಿಸಿದರೆ 32 ನಾಲ್ಕಾಣೆಗಳಿಗೆ 800, 16 ಎರಡಾಣೆಗಳಿಗೆ 192, ಒಟ್ಟು 992 ಪೈಸೆಯಾಗಿ 8 ಪೈಸೆ ಮಾಯವಾಗುತ್ತದೆ. ಇನ್ನೂ ಸ್ವಾರಸ್ಯವೆಂದರೆ, 48 ನಾಣ್ಯಗಳು, ಬೆಲೆ 1000 ಪೈಸೆ, ಬಗೆಗಳು 25 ಮತ್ತು 12ರವು ಎಂದು ಲೆಕ್ಕವನ್ನು ಹೊಸದಾಗಿ ಬರೆದರೆ ನಾಲ್ಕಾಣೆಗಳ ಸಂಖ್ಯೆಯ 13ರಷ್ಟು 424ಕ್ಕೆ ಸಮವಾಗಬೇಕಾಗುತ್ತದೆ. 424ನ್ನು 13 ನಿಶ್ಶೇಷವಾಗಿ ಭಾಗಿಸುವುದಿಲ್ಲ. ಮಾರ್ಚ್ 31ರಂದು ಉತ್ತರವಿದ್ದ ಲೆಕ್ಕಕ್ಕೆ ಏಪ್ರಿಲ್ 1ರಂದು ಉತ್ತರವೇ ಇಲ್ಲ. ಪರಿವರ್ತನೆಯನ್ನು ಬಿಡಿ ನಾಣ್ಯಕ್ಕೆ ಬದಲು ಒಟ್ಟು ಮೊತ್ತಕ್ಕೆ ಅನ್ವಯಿಸಿದರೆ ಈ ತೊಡಕು ಏಳುವುದಿಲ್ಲ.

1964ರ ಜೂನ್ 1ರಿಂದ ‘ನಯಾ’ ಎಂಬುದು ಬಿಟ್ಟುಹೋಗಿ ಪೈಸೆ ಮಾತ್ರ ಉಳಿಯಿತು. 2011ರ ಜೂನ್ 30ರ ಬಳಿಕ 25 ಪೈಸೆಯೂ ಅದಕ್ಕಿಂತ ಚಿಕ್ಕವೂ ಚಲಾವಣೆಯಿಂದ ಹೊರಬಿದ್ದವು. ಏಣಿಯೆಲ್ಲ ಹತ್ತು ನೂರರದಾದ ಮೇಲೆ ಬೆಲೆಗಳನ್ನು ಕಿರುನಾಣ್ಯಕ್ಕೆ ಇಳಿಸುವ ಶ್ರಮ ಹೆಚ್ಚುಕಡಿಮೆ ಇಲ್ಲವಾಗಿ, ಲೆಕ್ಕದ ಭಾರವೆಲ್ಲ ಅಜ್ಞಾತವನ್ನು ಹುಡುಕುವುದರ ಮೇಲೆಯೇ ಬಿದ್ದಿತು. ಇದರೊಡನೆ ಪಠ್ಯಪುಸ್ತಕಗಳು ಇನ್ನೊಂದು ಎಚ್ಚರಿಕೆಯನ್ನೂ ವಹಿಸುತ್ತವೆ: ಮೂರು ಬಗೆಯ ನಾಣ್ಯಗಳನ್ನು ತಂದಾಗ, ಒಂದು ಬಗೆಯದು ಇನ್ನೊಂದರ ಮೂರರಷ್ಟಿದೆ ಎಂಬಂಥ ಹೆಚ್ಚುವರಿ ಸುಳಿವನ್ನು ಕೊಟ್ಟು ಉತ್ತರ ಒಂದೇ ಆಗುವಂತೆ ನೋಡಿಕೊಳ್ಳುತ್ತವೆ. ಆ ಸುಳಿವನ್ನು ಕಿತ್ತುಹಾಕಿದರೆ ಮಹಾವೀರಾಚಾರ್ಯನ ಹಕ್ಕಿಗಳ ಸಂತೆ ಮತ್ತೆ ತೆರೆಯುತ್ತದೆ. ಬಿಕ್ಕೋಡಿನ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯಲ್ಲಿ 1, 2, 5 ರೂಪಾಯಿಯ ನಾಣ್ಯಗಳು ಮೂರೂ ಬಗೆಯವು ಸೇರಿ 20 ಇದ್ದು, ಅವುಗಳ ಬೆಲೆ 50 ರೂಪಾಯಿಯಾಗಿದ್ದರೆ, ಎರಡು ರೂಪಾಯಿಯವುಗಳ ಸಂಖ್ಯೆಗೆ ಐದು ರೂಪಾಯಿಯವುಗಳ ನಾಲ್ಕರಷ್ಟನ್ನು ಕೂಡಿದಾಗ 30 ಬರಬೇಕೆಂಬ ಒಂದೇ ನಿಬಂಧನೆ ಉಳಿಯುತ್ತದೆ. ಅದರಂತೆ ಐದು ರೂಪಾಯಿಯವು 4, 5, 6 ಅಥವಾ 7 ಆಗಬಹುದು; ಆಗ ಎರಡು ರೂಪಾಯಿಯವು ಕ್ರಮವಾಗಿ 14, 10, 6, 2, ಒಂದು ರೂಪಾಯಿಯವು 2, 5, 8, 11. ನಾಲ್ಕೂ ಸರಿಯಾದ ಉತ್ತರಗಳೇ. ಪೆಟ್ಟಿಗೆಯಲ್ಲಿರುವುದು ಇವುಗಳಲ್ಲಿ ಯಾವುದೆಂದು ಹೇಳಲು ಸಮೀಕರಣಕ್ಕೆ ಆಗುವುದಿಲ್ಲ, ಅಂಗಡಿಯವನು ಎಣಿಸಿಯೇ ಹೇಳಬೇಕು.